ಗದ್ದಲದೊಳಗಿನ ಮಿಡಿತ

ನೆರೆಮನೆಯಲ್ಲಿ ಮಿಕ್ಸಿ ತಿರುಗಿದೊಡನೆ ರೇಡಿಯೋದ ಸಂಗೀತ ಕಚೇರಿ ಕರಕರನೆ ಕೆಡುವುದನ್ನು ಗೃಹಸ್ಥರೆಲ್ಲರೂ ಬಲ್ಲರು. ನಕ್ಷತ್ರಗಳಿಗೆ ಕಿವಿಗೊಟ್ಟು ಕುಳಿತ ವಿಜ್ಞಾನಿಯ ಪಾಡೂ ಇದೇ. ಅವನು ಆಲಿಸಬಯಸುವ ದನಿ ಸಾವಿರಾರು ಜ್ಯೋತಿರ್ವರ್ಷಗಳಾಚೆಯದು. ಅದನ್ನು ಮುಳುಗಿಸುವ ಗದ್ದಲ ಊರಿನದು.

1967ರಲ್ಲಿ ಕೇಂಬ್ರಿಜ್‌ನ ಸಂಶೋಧನ ವಿದ್ಯಾರ್ಥಿನಿ ಜಾಸೆಲಿನ್ ಬೆಲ್ ದಿನಕ್ಕೆ ಸುಮಾರು 30 ಮೀಟರಿನಂತೆ ಯಂತ್ರದಿಂದ ಹೊರಬೀಳುತ್ತಿದ್ದ ಕಾಗದವನ್ನು ಕಣ್ಣಿನಿಂದಲೇ ಶೋಧಿಸುತ್ತಿದ್ದರು. ಅದರಲ್ಲಿ ಒಂದೆಡೆ ಕಾಲಂಗುಲದಷ್ಟು ಗೀಚು ಕಂಡಿತು. ಅದು ಮನುಷ್ಯನಿರ್ಮಿತ ಸದ್ದಿರಬೇಕೆಂದು ಗುರುಗಳಾದ ಆಂಟನಿ ಹ್ಯೂಯಿಷ್ ಮೊದಲು ಭಾವಿಸಿದರು. ಆದರೆ ಗೀಚು ಪ್ರತಿದಿನವೂ ಹಿಂದಿನ ದಿನಕ್ಕಿಂತ ನಾಲ್ಕು ನಿಮಿಷ ಮುಂಚಿತವಾಗಿ ಬರುತ್ತಿತ್ತು. ನಕ್ಷತ್ರಗಳು ಮೂಡುವ ಕ್ರಮವೇ ಅದು. ಊರಿನ ಯಂತ್ರಗಳು ಊರಿನ ಗಡಿಯಾರವನ್ನು ಅನುಸರಿಸುತ್ತವೆಯೇ ಹೊರತು ಆಕಾಶದ ಗಡಿಯಾರವನ್ನಲ್ಲ. ಹೀಗೆ 1.337 ಸೆಕೆಂಡಿಗೊಮ್ಮೆ ಮಿಡಿಯುವ ಮೊದಲ ಪಲ್ಸಾರ್ ದೊರೆಯಿತು. 1974ರ ನೊಬೆಲ್ ಪಾರಿತೋಷಕ ಗುರುವಿಗೆ ಸಂದಿತು, ಶಿಷ್ಯೆಗೆ ಸಲ್ಲಲಿಲ್ಲ. ಅದು ಬೇರೆ ಮಾತು.

ಇಂದಿನ ದೂರದರ್ಶಕಗಳು ಸುರಿಯುವ ದತ್ತಾಂಶವನ್ನು ಕಣ್ಣಿನಿಂದ ಶೋಧಿಸಲು ಯಾರ ಆಯುಷ್ಯವೂ ಸಾಲದು. ಆದುದರಿಂದ ಗಣಕಯಂತ್ರಕ್ಕೆ ಸ್ಕ್ರಿಪ್ಟ್ ಎಂಬ ಆಜ್ಞಾಪಟ್ಟಿಯನ್ನು ಬರೆದುಕೊಟ್ಟು ಗದ್ದಲವನ್ನು ಗುರುತಿಸುವ ಕೆಲಸವನ್ನು ಅದಕ್ಕೆ ವಹಿಸುವರು. ಪಲ್ಸಾರ್ ಶೋಧಕರಲ್ಲಿ ಬಳಕೆಯಲ್ಲಿರುವ, ಸ್ಕಾಟ್ ರ್‍ಯಾನ್ಸಮ್ ರಚಿಸಿದ 'ಪ್ರೆಸ್ಟೋ'ದಲ್ಲಿ ಇದಕ್ಕೆಂದೇ ಒಂದು ಅಂಗವುಂಟು. ಅದು ದತ್ತಾಂಶವನ್ನು ಕಾಲದಿಂದಲೂ ಆವೃತ್ತಿಯಿಂದಲೂ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿಯೊಂದರ ಸರಾಸರಿ ಎಷ್ಟು, ಏರಿಳಿತ ಎಷ್ಟು, ಎದ್ದುಕಾಣುವ ಮಿಡಿತವೇನಾದರೂ ಉಂಟೇ ಎಂದು ನೋಡಿ, ಉಳಿದವಕ್ಕೆ ಹೊಂದದ ಚೌಕಗಳನ್ನು ಮುಚ್ಚಿಬಿಡುತ್ತದೆ. ಸೆಕೆಂಡಿಗೆ 50 ಬಾರಿ ಮಿಡಿಯುವ ವಿದ್ಯುತ್ ತಂತಿಯೂ ಒಂದು ಪಲ್ಸಾರಿನಂತೆ ನಟಿಸಬಲ್ಲದು. ಅಂಥವನ್ನು ಬೇರೆ ಪಟ್ಟಿಯಲ್ಲಿ ಬರೆದಿಟ್ಟು ತೆಗೆಯುವರು.

ಇನ್ನೊಂದು ಪರೀಕ್ಷೆ ಬಲು ಸೊಗಸಾದುದು. ನಕ್ಷತ್ರಗಳ ನಡುವಣ ಎಲೆಕ್ಟ್ರಾನುಗಳ ಮೂಲಕ ಬರುವಾಗ ಮೇಲಿನ ಆವೃತ್ತಿಯ ಅಲೆ ಮೊದಲು, ಕೆಳಗಿನದು ಅನಂತರ ತಲಪುತ್ತದೆ. ತಾರಸ್ಥಾಯಿಯಿಂದ ಮಂದ್ರಕ್ಕೆ ಇಳಿಯುವ ಜಾರುವಿನಂತೆ. ಕರ್ನಾಟಕದ ಗೌರಿಬಿದನೂರಿನಲ್ಲಿ ಪಲ್ಸಾರುಗಳನ್ನು ವೀಕ್ಷಿಸಿದ 34.5 ಮೆಗಾಹರ್ಟ್ಸ್‌ನಂಥ ತಗ್ಗಿನಲ್ಲಿ ಈ ವಿಳಂಬ ಬಹಳ ಹೆಚ್ಚು. ಊರಿನ ಸದ್ದಿಗೆ ಈ ಜಾರು ಸಾಮಾನ್ಯವಾಗಿ ಇರುವುದಿಲ್ಲ.

ಸಾಮಾನ್ಯವಾಗಿ ಎಂದಿರುವುದಕ್ಕೆ ಕಾರಣವುಂಟು. ಆಸ್ಟ್ರೇಲಿಯದ ಪಾರ್ಕ್ಸ್ ದೂರದರ್ಶಕದಲ್ಲಿ 1998ರಿಂದ ಆಗಾಗ ಜಾರುವಿನಿಂದ ಕೂಡಿದ ಸಂಕೇತಗಳೇ ಬಂದವು. ಆದರೆ ಅವು ದೂರದರ್ಶಕದ 13 ಕಿವಿಗಳಿಗೂ ಏಕಕಾಲಕ್ಕೆ ಕೇಳಿಸಿದವು. ಬಂದದ್ದೂ ಹೆಚ್ಚಾಗಿ ಕೆಲಸದ ವೇಳೆಯಲ್ಲಿ! ಮನುಷ್ಯನ ನೆರಳನ್ನು ಚೆಲ್ಲುವ ರೆಕ್ಕೆಯ ಜಿಂಕೆಯೊಂದರ ಕಲ್ಪನೆಯಿಂದ ಅವಕ್ಕೆ 'ಪೆರಿಟಾನ್' ಎಂಬ ಹೆಸರಿಟ್ಟರು. 2015ರಲ್ಲಿ ಎಮಿಲಿ ಪೆಟ್ರಾಫ್ ಮತ್ತು ಸಂಗಡಿಗರು ಮೂಲವನ್ನು ಹಿಡಿದರು: ಮೈಕ್ರೋವೇವ್ ಒಲೆ. ಅಡುಗೆ ಬಿಸಿಯಾಗಿ ಮುಗಿಯುವ ಮೊದಲೇ ಯಾರೋ ಆತುರಗಾರರು ಬಾಗಿಲನ್ನು ಸೆಳೆದಾಗ ಹೊರಟ ಅಲೆ ಅದು.

ಸ್ಕ್ರಿಪ್ಟ್ ಸಡಿಲವಾದರೆ ಒಲೆಯೇ ನಕ್ಷತ್ರವೆನಿಸುತ್ತದೆ. ಬಿಗಿಯಾದರೆ ನಕ್ಷತ್ರವೇ ಕಸದ ಪಾಲಾಗುತ್ತದೆ. ಈ ಎರಡನೆಯ ತಪ್ಪೇ ಹೆಚ್ಚು ಭಯಂಕರವಾದುದು, ಏಕೆಂದರೆ ಕಳೆದುಕೊಂಡದ್ದು ಕಳೆದುಕೊಂಡವನಿಗೆ ತಿಳಿಯುವುದೇ ಇಲ್ಲ. ಬಹಳ ಉಜ್ಜ್ವಲವಾದ ಪಲ್ಸಾರಿನ ಮಿಡಿತವನ್ನು ಗದ್ದಲವೆಂದು ಮುಚ್ಚಿಬಿಡುವುದುಂಟು. ಹತ್ತಿರದ ಪಲ್ಸಾರಿಗೆ ಜಾರು ಅಲ್ಪವಾದುದರಿಂದ ಅದೂ ಊರಿನ ಸದ್ದಿನೊಡನೆ ತೊಳೆದುಹೋಗಬಹುದು.

ಇದಕ್ಕಾಗಿ ಶೋಧಕರು ದತ್ತಾಂಶದೊಳಗೆ ತಾವೇ ಕೃತಕ ಮಿಡಿತಗಳನ್ನು ಬೆರೆಸಿ ಸ್ಕ್ರಿಪ್ಟನ್ನು ಓಡಿಸುವರು. ಎಷ್ಟು ಉಳಿದವು, ಎಷ್ಟು ಅಳಿದವು ಎಂದು ಎಣಿಸುವರು. ಅಳಿದವೇ ಹೆಚ್ಚಾದರೆ ಮಿತಿಗಳನ್ನು ಸಡಿಲಿಸಿ ಮೊದಲಿನಿಂದ ಆರಂಭಿಸುವರು.