ಕರೆಂಟ್ ಹೋದಾಗ ಮೂಕವಾಗುವ ದೂರವಾಣಿ

ಧಾರವಾಡದ ಮಾಳಮಡ್ಡಿಯಲ್ಲಾಗಲಿ ಸಪ್ತಾಪುರದಲ್ಲಾಗಲಿ, ಹುಬ್ಬಳ್ಳಿಯ ವಿದ್ಯಾನಗರದಲ್ಲಾಗಲಿ, ಮಕ್ಕಳನ್ನು ಬೆಂಗಳೂರಿಗೋ ಪುಣೆಗೋ ಕ್ಯಾಲಿಫೋರ್ನಿಯಕ್ಕೋ ಕಳುಹಿಸಿ ತಾವು ಇಲ್ಲಿಯೇ ಉಳಿದ ವೃದ್ಧ ದಂಪತಿಗಳ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಪರಿವರ್ತನೆ ಸದ್ದಿಲ್ಲದೆ ನಡೆದುಹೋಗಿದೆ. ಪಡಸಾಲೆಯ ಮೂಲೆಯ ಸ್ಟೂಲಿನ ಮೇಲೆ, ಎರಡೂ ಊರುಗಳಿಗೆ ಸಮಾನವಾದ 0836 ಎಂಬ ಸಂಕೇತವನ್ನು ಹೊತ್ತ ದೂರವಾಣಿ ಮೊದಲಿನಂತೆಯೇ ಕುಳಿತಿದೆ. ಆದರೆ ಅದರ ಬೆನ್ನ ಹಿಂದಿದ್ದ ತಾಮ್ರದ ತಂತಿ ಹೋಗಿ, ಹೊರಗಿನ ಕಂಬದಿಂದ ಇಳಿದುಬಂದ ಗಾಜಿನ ಸಣ್ಣ ಎಳೆಯೊಂದು ಗೋಡೆಯ ಮೇಲಿನ ಪೆಟ್ಟಿಗೆಯನ್ನು ಸೇರಿ, ದೂರವಾಣಿಯ ತಂತಿ ಆ ಪೆಟ್ಟಿಗೆಯಿಂದ ಹೊರಟಿದೆ. ಕೂಡಿಸಲು ಬಂದ ಹುಡುಗ ಹೇಳಿ ಹೋಗುವ ಮಾತು ಬಹುತೇಕ ಒಂದೇ: "ಮೊದಲಿನ್ಹಂಗ ಇರ್ತದ್ರೀ ಅಜ್ಜಾರ, ಮ್ಯಾಲೆ ನೆಟ್ಟೂ ಬರ್ತದ." ಈ ಮಾತಿನ ಉತ್ತರಾರ್ಧವು ನಿಜ, ಪೂರ್ವಾರ್ಧವು ನಿಜವಲ್ಲ ಎಂಬುದನ್ನು ತಿಳಿಯಪಡಿಸುವುದಕ್ಕಾಗಿಯೇ ಈ ಲೇಖನ.

ಹಳೆಯ ದೂರವಾಣಿಯು ನಮ್ಮ ಧ್ವನಿಯ ಏರಿಳಿತವನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಮಾರ್ಪಡಿಸಿ, ಮನೆಯಿಂದ ಎಕ್ಸ್‌ಚೇಂಜಿನವರೆಗೆ ನಮಗೊಬ್ಬರಿಗೇ ಮೀಸಲಾದ ಒಂದು ಜೋಡಿ ತಂತಿಯ ಮೇಲೆ ಕಳುಹಿಸುತ್ತಿದ್ದಿತು. ಹೊಸ ಪೆಟ್ಟಿಗೆಯಿಂದ ನಡೆಯುವ ಅಂತರಜಾಲ ದೂರವಾಣಿಯ ಕ್ರಮವೇ ಬೇರೆ. ಅದು ಸಾಮಾನ್ಯವಾಗಿ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಒಂದೊಂದು ಅಳತೆಯನ್ನೂ ಎಂಟು ಬಿಟ್‌ಗಳ ಸಂಖ್ಯೆಯಾಗಿ ಬರೆದುಕೊಂಡು, ಹೀಗೆ ಒದಗಿದ 64,000 ಬಿಟ್‌ಗಳನ್ನು ಸೆಕೆಂಡಿಗೆ 50 ತುಣುಕುಗಳಾಗಿ ಕತ್ತರಿಸಿ, ತುಣುಕು ತುಣುಕಿಗೂ ತಲುಪಬೇಕಾದ ವಿಳಾಸವನ್ನು ಅಂಟಿಸಿ ಜಾಲದೊಳಕ್ಕೆ ಬಿಡುತ್ತದೆ. ಅವಳಿ ನಗರಗಳ ನಡುವೆ ಚಿಗರಿ ಬಸ್ಸು ತನಗೆಂದೇ ಬೇಲಿ ಹಾಕಿದ ದಾರಿಯಲ್ಲಿ ತಡೆಯಿಲ್ಲದೆ ಓಡುವುದನ್ನೂ, ಪಕ್ಕದ ದಾರಿಯಲ್ಲಿ ಲಾರಿ, ಆಟೋ, ಸೈಕಲ್ಲು, ದನಗಳೆಲ್ಲವೂ ಒಂದಕ್ಕೊಂದು ಎಡೆಗೊಡುತ್ತ ಸಾಗುವುದನ್ನೂ ನೋಡಿದವರಿಗೆ ಈ ಎರಡು ಕ್ರಮಗಳ ಅಂತರವನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ. ಮಾತಿನ ತುಣುಕು ಪಕ್ಕದ ದಾರಿಯ ಪ್ರಯಾಣಿಕ, ಅದು ತಡವಾಗಿ ಬಂದರೆ ಈಚೆಯ ಯಂತ್ರವು ಕಾಯದೆ ಅದನ್ನು ಎಸೆದುಬಿಡುತ್ತದೆ, ಮತ್ತು ನಾವು "ಹಲೋ, ಹಲೋ, ಕೇಳಸ್ತದೇನ್ರೀ?" ಎಂದು ಕೂಗಿಕೊಳ್ಳುತ್ತೇವೆ.

ಇದರಿಂದ ಹೊರಡುವ ಒಂದು ವಿಷಯವನ್ನು ಮಾರಾಟಗಾರರು ಹೇಳುವುದಿಲ್ಲ. ಮೇಲೆ ಹೇಳಿದ ಮಾತಿಗೆ ವಿಳಾಸದ ಭಾರವೂ ಸೇರಿ ಬೇಕಾದುದು ಸೆಕೆಂಡಿಗೆ ಸುಮಾರು 80 ಕಿಲೋಬಿಟ್ ಮಾತ್ರ. 100 ಮೆಗಾಬಿಟ್ಟಿನ ಯೋಜನೆಯೆಂದು ಜಾಹೀರಾತುಗಳು ಕೂಗುವ ವೇಗದ ಸಹಸ್ರಾಂಶವೂ ಅಲ್ಲ. ಸ್ಪಷ್ಟವಾದ ಮಾತಿಗೆ ಅವಶ್ಯವಾದುದು ವೇಗವಲ್ಲ, ಕ್ರಮಬದ್ಧತೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಭಿಪ್ರಾಯದಂತೆ, ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ 150 ಮಿಲಿಸೆಕೆಂಡಿನೊಳಗೆ ಮಾತು ಮುಟ್ಟಿದರೆ ಸಂಭಾಷಣೆಗೆ ತೊಡಕಿಲ್ಲ. ಅಮೆರಿಕೆಯ ಪಶ್ಚಿಮ ತೀರಕ್ಕಾದರೆ ಗಾಜಿನ ಎಳೆಯೊಳಗಿನ ಬೆಳಕಿನ ಪ್ರಯಾಣವೇ ಇದರ ಅರ್ಧದಷ್ಟನ್ನು ನುಂಗುತ್ತದೆ. ಮೊಬೈಲಿನಿಂದ ಮಾತನಾಡುವವರಾದರೆ, ಉಳಿದುದನ್ನು ಮನೆಯೊಳಗಣ ವೈಫೈ ಕೆಡಿಸಬಾರದು. ಮಾಳಮಡ್ಡಿಯ ಹಳೆಯ ಹೆಂಚಿನ ಮನೆಗಳ ದಪ್ಪ ಗೋಡೆಗಳನ್ನು ದಾಟಿ ಅಡುಗೆಮನೆಯವರೆಗೆ ಬರುವಷ್ಟರಲ್ಲಿ ವೈಫೈ ಸೊರಗಿಹೋಗುವುದರಿಂದ, ಅಂಥ ಮನೆಗಳಲ್ಲಿ ಹೆಚ್ಚಿನ ವೇಗದ ಯೋಜನೆಗೆ ತೆರುವ ಹಣಕ್ಕಿಂತ, ಪೆಟ್ಟಿಗೆಯಿಂದ ನೇರವಾಗಿ ದೂರವಾಣಿಗೆ ಎಳೆದ ಹತ್ತು ಮೀಟರು ತಂತಿಯೇ ಹೆಚ್ಚು ಫಲಕಾರಿ.

ಈ ವಿದ್ಯೆಯನ್ನು ಹೊರಗಿನ ಸೋಜಿಗವೆಂದು ಭಾವಿಸಬೇಕಾಗಿಲ್ಲ. ನಮ್ಮ ದೇಶದಲ್ಲಿ ಅಂತರಜಾಲದ ಮೇಲೆ ಮಾತನಾಡುವುದಕ್ಕೆ ಮೊದಲ ಅನುಮತಿ ದೊರೆತದ್ದು 2002ರ ಏಪ್ರಿಲ್ 1ರಂದು, ಅದೂ ದೇಶದೊಳಗಿನ ಸಾಮಾನ್ಯ ದೂರವಾಣಿಗೆ ಕರೆ ಮಾಡಬಾರದೆಂಬ ನಿರ್ಬಂಧದೊಡನೆ; ಆ ನಿರ್ಬಂಧ ಸಡಿಲವಾಗಿ, ಸಿಮ್ ಇಲ್ಲದ ಹತ್ತಂಕಿಯ ಸಂಖ್ಯೆಯನ್ನು ಕೊಡುವ 'ವಿಂಗ್ಸ್' ಸೇವೆಯನ್ನು ಬಿಎಸ್‌ಎನ್‌ಎಲ್ ಪ್ರಕಟಿಸಲು 2018 ಬರಬೇಕಾಯಿತು. ಅಷ್ಟರಲ್ಲಿ, 2016ರ ಸೆಪ್ಟೆಂಬರಿನಿಂದ ಜಿಯೋ ಸಿಮ್ ಹಿಡಿದ ಕೋಟ್ಯಂತರ ಜನ, ತಮಗರಿವಿಲ್ಲದೆಯೇ, ಇದೇ ತುಣುಕುಗಳ ವಿಧಾನದಲ್ಲಿ ಮಾತನಾಡತೊಡಗಿದ್ದರು.

ನಿಜವಾದ ವ್ಯತ್ಯಾಸವಿರುವುದು ವಿದ್ಯುತ್ತಿನಲ್ಲಿ. ತಾಮ್ರದ ತಂತಿಯ ದೂರವಾಣಿಗೆ ಬೇಕಾದ 48 ವೋಲ್ಟಿನ ವಿದ್ಯುತ್ತನ್ನು ಎಕ್ಸ್‌ಚೇಂಜೇ, ಸಾಲಾಗಿ ಜೋಡಿಸಿಟ್ಟ ತನ್ನ ಬ್ಯಾಟರಿಗಳಿಂದ, ಅದೇ ತಂತಿಯ ಮೇಲೆ ಕಳುಹಿಸುತ್ತಿದ್ದಿತು. ಆದಕಾರಣವೇ ಮುಂಗಾರಿನ ಗಾಳಿಗೆ ಮರದ ಟೊಂಗೆ ಮುರಿದುಬಿದ್ದು ಓಣಿಯೆಲ್ಲ ಕತ್ತಲಾದಾಗಲೂ ಡಯಲ್ ಟೋನ್ ಮಾತ್ರ ಕೇಳಿಸುತ್ತಿದ್ದಿತು. ಗಾಜಿನ ಎಳೆಯು ಬೆಳಕನ್ನು ಹೊರಬಲ್ಲದು, ವಿದ್ಯುತ್ತನ್ನು ಹೊರಲಾರದು. ಹೊಸ ಪೆಟ್ಟಿಗೆಯ ಕೆಳಗೆ ತೂಗುವ ಕಪ್ಪು ಅಡಾಪ್ಟರನ್ನು ನೋಡಿರಿ: ಅದು ನಿಮ್ಮ ಮನೆಯ ಪ್ಲಗ್ಗಿನಿಂದ ಕರೆಂಟನ್ನು ಪಡೆದು 12 ವೋಲ್ಟಿಗೆ ಇಳಿಸಿ ಪೆಟ್ಟಿಗೆಗೆ ಉಣಿಸುತ್ತದೆ. ಮುಂಭಾಗದಲ್ಲಿ ಕೆಂಪು ದೀಪವೊಂದು ಮಿಣುಕುತ್ತಿದ್ದರೆ, ರಸ್ತೆ ಅಗೆಯುವವರು ಎಲ್ಲಿಯೋ ಎಳೆಯನ್ನು ಕತ್ತರಿಸಿದ್ದಾರೆಂದು ತಿಳಿಯಬಹುದು. ನಮ್ಮ ಊರುಗಳಲ್ಲಿ ಅದೇನೂ ಅಪರೂಪವಲ್ಲ. ದೀಪಗಳೆಲ್ಲವೂ ಆರಿದ್ದರೆ ಕರೆಂಟ್ ಹೋಗಿದೆ, ಅದರೊಡನೆ ದೂರವಾಣಿಯೂ ಹೋಗಿದೆ.

ಧಾರವಾಡದಿಂದ ಸುಮಾರು 30 ಕಿಲೋಮೀಟರು ದೂರದ ಕಿತ್ತೂರನ್ನು ಇಲ್ಲಿ ನೆನೆಯದಿರಲಾರೆ. 1984ರಲ್ಲಿ ಸ್ಥಾಪಿತವಾದ, ಕೇಂದ್ರ ಸರಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್‌ನವರು ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು ಮೊಟ್ಟಮೊದಲು ಕೆಲಸಕ್ಕೆ ತೊಡಗಿದ್ದು 1986ರಲ್ಲಿ, ಆ ಕಿತ್ತೂರಿನಲ್ಲಿ. 128 ಸಂಪರ್ಕಗಳ ಆ ಸಣ್ಣ ಯಂತ್ರದ ಹಿರಿಮೆ ಅದರ ಗಾತ್ರದಲ್ಲಿರಲಿಲ್ಲ. ಪರದೇಶದ ಯಂತ್ರಗಳು ಹವಾನಿಯಂತ್ರಿತ ಕೊಠಡಿಯಿಲ್ಲದೆ ನಡೆಯಲೊಲ್ಲದ ಕಾಲದಲ್ಲಿ, ನಮ್ಮ ಹಳ್ಳಿಯ ಧೂಳು, ಸೆಕೆ, ನಂಬಲಾಗದ ಕರೆಂಟು ಇವೆಲ್ಲವನ್ನೂ ಮೊದಲೇ ಗಣನೆಗೆ ತಂದುಕೊಂಡು ಅದನ್ನು ರಚಿಸಿದ್ದರು. ಊರನ್ನು ತಿಳಿದು ಯಂತ್ರವನ್ನು ಕಟ್ಟುವ ವಿವೇಕವು ನಮ್ಮ ನೆರೆಯಲ್ಲಿಯೇ ಸಿದ್ಧಿಸಿದ್ದ ಮೇಲೆ, ಇಂದು ಮನೆಮನೆಗೆ ಬರುತ್ತಿರುವ ಪೆಟ್ಟಿಗೆಯೊಡನೆ ಒಂದು ಚಿಕ್ಕ ಬ್ಯಾಟರಿ ಏಕೆ ಬರಬಾರದು? ಕೂಡಿಸಲು ಬಂದವರ ಕೈಚೀಲದಲ್ಲಿ ಅಂಥದೊಂದನ್ನು ನಾನಂತೂ ಕಂಡಿಲ್ಲ.

ಪ್ರತಿಯೊಬ್ಬರ ಬಳಿಯೂ ಮೊಬೈಲು ಇರುವಾಗ ಈ ಚಿಂತೆಯೇಕೆಂದು ಕೇಳುವವರು ಇದ್ದಾರೆ. ಕೇಳುವುದು ಸಹಜ; ಆದರೆ ಹಾಗೆ ಕೇಳುವವರು ಬಹುಮಟ್ಟಿಗೆ ತರುಣರು. ಎಂಬತ್ತು ವರ್ಷದ ಅಜ್ಜಿಯ ಮೊಬೈಲು ಚಾರ್ಜಿಲ್ಲದೆ ದಿಂಬಿನ ಅಡಿಯಲ್ಲಿ ಬಿದ್ದಿರುವುದೂ, ಕತ್ತಲೆಯಲ್ಲಿ ಅವರ ಕೈಗೆ ತಾನಾಗಿಯೇ ಎಟುಕುವುದು ಸ್ಟೂಲಿನ ಮೇಲಿನ ರಿಸೀವರೇ ಎಂಬುದೂ ಆ ತರುಣರಿಗೆ ತಿಳಿಯದು. ಬ್ರಿಟನ್ನಿನವರು ಹಳೆಯ ದೂರವಾಣಿ ಜಾಲವನ್ನು 2025ರ ಡಿಸೆಂಬರಿನಲ್ಲಿ ಮುಚ್ಚಬೇಕೆಂದಿದ್ದವರು, ವೃದ್ಧರ ಕೊರಳಿನಲ್ಲಿರುವ ಅಪಾಯಸೂಚಕ ಗುಂಡಿಗಳು ಅದೇ ತಂತಿಯನ್ನು ನೆಚ್ಚಿರುವುದನ್ನು ಮನಗಂಡು, 2027ರ ಜನವರಿಗೆ ಮುಂದೂಡಿದರು; ಸ್ಥಿರ ದೂರವಾಣಿಯನ್ನೇ ಅವಲಂಬಿಸಿದವರಿಗೆ, ಕರೆಂಟ್ ಹೋದಾಗ ಕನಿಷ್ಠ ಒಂದು ಗಂಟೆಯಾದರೂ ತುರ್ತು ಕರೆ ಮಾಡುವ ಉಪಾಯವನ್ನು ಕಂಪನಿಗಳು ಒದಗಿಸಬೇಕೆಂದು ಅಲ್ಲಿನ ನಿಯಂತ್ರಣ ಮಂಡಳಿ ವಿಧಿಸಿದೆ. ನಮ್ಮಲ್ಲಿ ಕರೆಂಟ್ ಹೋಗುವುದು ಅಲ್ಲಿಗಿಂತ ಕಡಿಮೆಯೆಂದು ಯಾರೂ ಹೇಳಲಾರರು.

ಇನ್ನೊಂದು ಎಚ್ಚರಿಕೆಯ ಮಾತು. ಹಳೆಯ ತಂತಿಗೆ ಒಂದು ಮನೆ ಇದ್ದಿತು, ಆದುದರಿಂದ ಕರೆಗೂ ವಿಳಾಸವಿದ್ದಿತು. ಅಂತರಜಾಲದ ಸಂಖ್ಯೆಗೆ ಸ್ಥಳವೆಂಬುದಿಲ್ಲ. ಆ್ಯಪ್ ಮೂಲಕ ನಡೆಯುವ ಸಂಖ್ಯೆಯನ್ನು ಧಾರವಾಡದಲ್ಲಿ ಪಡೆದು ಪುಣೆಯಲ್ಲಿ ಕುಳಿತು ಬಳಸಬಹುದು. 2017ರ ಅಕ್ಟೋಬರಿನ ತನ್ನ ಶಿಫಾರಸಿನಲ್ಲಿ ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಇಂಥ ಸೇವೆಗಳಿಗೆ ತುರ್ತು ಕರೆಯ ಸೌಲಭ್ಯವನ್ನು ಕಡ್ಡಾಯ ಮಾಡದೆ, ಅದರ ಮಿತಿಯನ್ನು ಗ್ರಾಹಕನಿಗೆ ತಿಳಿಸಿದರೆ ಸಾಕೆಂದಿತು. ತಿಳಿಸುವುದೆಂದರೆ ಇಂಗ್ಲಿಷಿನ ಇರುವೆಯಕ್ಷರದ ಷರತ್ತುಗಳ ನಡುವೆ ಅಡಗಿಸುವುದೆಂದಲ್ಲವಷ್ಟೆ. ವಾಟ್ಸಾಪಿನಲ್ಲಿ ಮಗನೊಡನೆ ದಿನವೂ ಮಾತನಾಡುವ ತಾಯಿಗೆ, ಅದರಿಂದ ತುರ್ತು ಸಂಖ್ಯೆಯಾದ 112ಕ್ಕೆ ಕರೆ ಹೋಗದೆಂಬುದನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಅಂತರಜಾಲ ಕರೆಗಳ ಮೂಲಕ ನಡೆಯುವ ವಂಚನೆಯ ವಿಚಾರವನ್ನು ಪತ್ರಿಕೆಗಳು ದಿನವೂ ಬರೆಯುತ್ತಿರುವುದರಿಂದ ನಾನು ಬೆಳೆಸುವುದಿಲ್ಲ. ಕರೆ ಕಳುಹಿಸುವವನ ಯಂತ್ರವು ತಾನೇ ಬರೆದುಕೊಟ್ಟ ಸಂಖ್ಯೆಯು ನಮ್ಮ ಪರದೆಯ ಮೇಲೆ ಮೂಡುವುದರಿಂದ ಅದನ್ನು ಸುಳ್ಳಾಗಿಯೂ ಬರೆಯಬಹುದೆಂಬ ಒಂದು ಸಂಗತಿ ಗೊತ್ತಿದ್ದರೆ ಸಾಕು. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು, ಹೊರದೇಶದಿಂದ ಬಂದು ಭಾರತದ ಸಂಖ್ಯೆಯ ವೇಷ ತೊಡುವ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು ಆರಂಭಿಸಿದಾಗ, ಮೊದಲ 24 ಗಂಟೆಗಳಲ್ಲಿ ಸಿಕ್ಕಿಬಿದ್ದ ಅಂಥ ಕರೆಗಳು ಸುಮಾರು 1.35 ಕೋಟಿ.

ಬಿಎಸ್‌ಎನ್‌ಎಲ್ ಆಗಲಿ ಖಾಸಗಿ ಕಂಪನಿಗಳಾಗಲಿ, ಪೆಟ್ಟಿಗೆ ಕೂಡಿಸುವ ದಿನ ಒಂದು ಪುಟದ ಕನ್ನಡ ಹಾಳೆಯನ್ನು ಮನೆಯವರ ಕೈಗೆ ಕೊಡಲಿ; ಕರೆಂಟ್ ಹೋದರೆ ಏನಾಗುವುದು, ಯಾವ ದೀಪದ ಅರ್ಥವೇನು, ತುರ್ತು ಕರೆಯ ಗತಿಯೇನು ಎಂಬಿಷ್ಟು ಅದರಲ್ಲಿರಲಿ. ಅರವತ್ತು ದಾಟಿದವರ ಮನೆಗಳಿಗೆ ಬ್ಯಾಟರಿಯನ್ನು ಬಾಡಿಗೆಯಲ್ಲಿಯೇ ಸೇರಿಸಿ ಕೊಡುವುದನ್ನು ಟ್ರಾಯ್ ಕಡ್ಡಾಯ ಮಾಡಲಿ. ಅದಾಗುವವರೆಗೆ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ನಾಳೆ ಹಗಲಿನಲ್ಲಿ ಒಮ್ಮೆ ಮನೆಯ ಮೇನ್ ಸ್ವಿಚ್ಚನ್ನು ಆರಿಸಿ ರಿಸೀವರನ್ನು ಕಿವಿಗೆ ಹಿಡಿದು ನೋಡಿ. ಡಯಲ್ ಟೋನ್ ಕೇಳಿಸದಿದ್ದರೆ, ರೂಟರಿಗೆಂದೇ ಮಾರುವ ಮಿನಿ ಯುಪಿಎಸ್ ಒಂದೆರಡು ಸಾವಿರ ರೂಪಾಯಿಗೆ ಅಂಗಡಿಗಳಲ್ಲಿ ದೊರೆಯುತ್ತದೆ. ಮಳೆಗಾಲಕ್ಕೆ ಮೊದಲೇ ತಂದಿಡಿ.