ಹುಳಕ್ಕೆ ಎಣ್ಣಿ ರೂಢಿಯಾಗಿಲ್ಲ, ಸರ್

ನಮ್ಮ ಬಳಗದ ಒಬ್ಬಳ ತಮ್ಮ ಹಳಿಯಾಳ ತಾಲೂಕಿನವ, ಪಿಯುಸಿ ಸೈನ್ಸ್ ಓದುತ್ತಾನೆ. ನೈಸರ್ಗಿಕ ಆಯ್ಕೆಯ ಪ್ರಶ್ನೆಗೆ ಟೆಸ್ಟಿನಲ್ಲಿ ಪೂರ್ತಿ ಅಂಕ. ಡಾರ್ವಿನ್, ಗಲಾಪಗೋಸ್, ಫಿಂಚ್ ಹಕ್ಕಿ ಎಲ್ಲ ಬಾಯಿಪಾಠ. ಮನೆ ಕಟ್ಟೆ ಮೇಲೆ ಕೂತು ನಾವೊಂದು ಸಾದಾ ಪ್ರಶ್ನೆ ಕೇಳಿದೆವು. ಮೊದಲು ಒಂದು ಸಲ ಎಣ್ಣಿ ಹೊಡೆದರೆ ಹತ್ತಿ ಹುಳ ಸಾಯುತ್ತಿತ್ತು, ಈಗ ಮೂರು ಸಲ ಹೊಡೆದರೂ ಸಾಯುವುದಿಲ್ಲ, ಯಾಕೆ?

‘ಹುಳಕ್ಕ ಎಣ್ಣಿ ರೂಢಿ ಆಗೇತ್ರಿ’ ಅಂದ.

ಅವರಪ್ಪನೂ ಇದನ್ನೇ ಹೇಳುತ್ತಾರೆ, ಔಷಧಿ ಅಂಗಡಿಯವನೂ ಇದನ್ನೇ ಹೇಳುತ್ತಾನೆ. ಅವರ ತಪ್ಪಲ್ಲ, ಅವರಿಗೆ ಯಾರೂ ಪಾಠ ಮಾಡಿಲ್ಲ. ಆದರೆ ಪೂರ್ತಿ ಅಂಕ ತೆಗೆದ ಹುಡುಗನೂ ಇದನ್ನೇ ಹೇಳಿದರೆ ಆ ಅಂಕ ಯಾವುದಕ್ಕೆ ಕೊಟ್ಟದ್ದು?

ಯಾವ ಹುಳವೂ ಎಣ್ಣಿ ಕುಡಿದು ರೂಢಿ ಮಾಡಿಕೊಳ್ಳುವುದಿಲ್ಲ. ಸಾವಿರಾರು ಹುಳಗಳಲ್ಲಿ ಹುಟ್ಟಿನಿಂದಲೇ ಬೇರೆ ಥರದವು ಕೆಲವು ಇರುತ್ತವೆ. ಎಣ್ಣಿ ಹೊಡೆದಾಗ ಉಳಿದವು ಸಾಯುತ್ತವೆ, ಇವು ಬದುಕಿ ಮೊಟ್ಟೆ ಇಡುತ್ತವೆ. ಮುಂದಿನ ಪೀಳಿಗೆಯಲ್ಲಿ ಇವುಗಳ ಮರಿಗಳೇ ಜಾಸ್ತಿ. ಅಂದರೆ ಒಂದೊಂದು ಹುಳ ಬದಲಾಗಲಿಲ್ಲ, ಹೊಲದಲ್ಲಿರುವ ಹುಳಗಳ ಗುಂಪು ಬದಲಾಯಿತು. ಡಾರ್ವಿನ್ 1859ರಲ್ಲಿ ಪುಸ್ತಕ ಬರೆದು ಹೇಳಿದ ಮಾತಿನ ತಿರುಳು ಇಷ್ಟೇ.

‘ನೈಸರ್ಗಿಕ ಆಯ್ಕೆ ಎಂದರೇನು?’ ಅಂತ ಕೇಳಿದರೆ ಹುಡುಗರು ಗೈಡಿನ ನಾಲ್ಕು ಸಾಲು ಬರೆಯುತ್ತಾರೆ. ಅದರಿಂದ ನೆನಪಿನ ಶಕ್ತಿ ಗೊತ್ತಾಗುತ್ತದೆ, ತಿಳಿವಳಿಕೆಯಲ್ಲ. ತಪ್ಪು ತಿಳಿದವನೂ ಸರಿ ಬರೆಯಬಲ್ಲ ಪ್ರಶ್ನೆ ಅದು.

ಹೋಗಲಿ, ಕೇಳುವ ಅವಕಾಶವನ್ನಾದರೂ ಉಳಿಸಿದ್ದಾರೆಯೇ? ಎನ್‌ಸಿಇಆರ್‌ಟಿ ತನ್ನ ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಭಾಗವನ್ನೇ ತೆಗೆದುಹಾಕಿತು. ‘ಅನುವಂಶೀಯತೆ ಮತ್ತು ವಿಕಾಸ’ ಅಂತ ಇದ್ದ ಅಧ್ಯಾಯ 2023ರ ಪುಸ್ತಕದಲ್ಲಿ ಬರೀ ‘ಅನುವಂಶೀಯತೆ’ ಆಯಿತು. ಮಕ್ಕಳ ಹೊರೆ ಇಳಿಸಿದೆವು ಅಂದರು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. ಹನ್ನೆರಡನೇ ತರಗತಿಯಲ್ಲಿ ಪಾಠ ಇದೆಯಲ್ಲ ಅನ್ನುವ ಉತ್ತರ ಬಂತು. ಇದೆ ನಿಜ. ಆದರೆ ಬಯಾಲಜಿ ತಗೊಂಡವರಿಗೆ ಮಾತ್ರ, ಅದೂ ನಮ್ಮ ಕಡೆಯ ಹೆಚ್ಚಿನ ಕಾಲೇಜುಗಳಲ್ಲಿ ಇಂಗ್ಲಿಷಿನಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಸೇರುವವನು, ಆರ್ಟ್ಸ್ ತಗೊಳ್ಳುವವಳು, ಹೊಲಕ್ಕೆ ಮರಳುವವನು ಏನು ಮಾಡಬೇಕು? ನಿಜಕ್ಕೂ ಎಣ್ಣಿ ಹೊಡೆಯುವವರು ಇವರೇ.

ಈಗ ಮುಂಡಗೋಡಿಗೆ ಬನ್ನಿ. ಅಲ್ಲಿನ ಟಿಬೆಟನ್ ಕ್ಯಾಂಪಿನ ಡ್ರೆಪುಂಗ್, ಗಾಂದೆನ್ ಮಠಗಳಲ್ಲಿ 2014ರಿಂದ ಸನ್ಯಾಸಿಗಳಿಗೆ ವಿಜ್ಞಾನದ ಪಾಠ ನಡೆಯುತ್ತಿದೆ. ಅಮೆರಿಕದ ಎಮೋರಿ ವಿಶ್ವವಿದ್ಯಾಲಯದವರು ದಲೈ ಲಾಮಾ ಅವರ ಇಚ್ಛೆಯಂತೆ ರೂಪಿಸಿದ ಪಾಠ ಅದು. ಜೀವವಿಜ್ಞಾನದ ಭಾಗದಲ್ಲಿ ವಿಕಾಸವೂ ಇದೆ. ಆ ಮಠಗಳ ಹಳೆಯ ಪರೀಕ್ಷಾ ಕ್ರಮ ನೋಡಿದವರಿಗೆ ಗೊತ್ತು. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ಎದುರು ನಿಂತು ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಉತ್ತರ ಕೊಟ್ಟರೆ ಅದರ ಮೇಲೆ ಮತ್ತೊಂದು ಪ್ರಶ್ನೆ. ಗೈಡು ಅಲ್ಲಿ ನಡೆಯುವುದಿಲ್ಲ. ಕೆಂಪು ಬಟ್ಟೆಯ ಸನ್ಯಾಸಿಗೆ ಭಾರವಾಗದ ಡಾರ್ವಿನ್, ಹತ್ತನೇ ತರಗತಿಯ ಮಕ್ಕಳಿಗೆ ಹೊರೆಯಂತೆ!

ಪ್ರಶ್ನೆ ತೆಗೆಯುವ ಶಿಕ್ಷಕರೇ, ಫಿಂಚ್ ಹಕ್ಕಿಗಾಗಿ ಗಲಾಪಗೋಸಿಗೆ ಯಾಕೆ ಹೋಗುತ್ತೀರಿ? ದಾಂಡೇಲಿ, ಜೋಯಿಡಾ ಕಾಡಿನ ಕರಿಚಿರತೆ ಇದೆಯಲ್ಲ. ‘ಕಾಡು ಕತ್ತಲಾದ್ದರಿಂದ ಅಡಗಿಕೊಳ್ಳಲು ಚಿರತೆ ಕಪ್ಪಾಯಿತು. ಸರಿಯೋ ತಪ್ಪೋ? ಕಾರಣ ಬರೆ’ ಅಂತ ಕೇಳಿ. ಸರಿ ಅಂದವನಿಗೆ ಪಾಠ ಹತ್ತಿಲ್ಲ. ಬೇಕು ಅಂತ ಯಾವ ಪ್ರಾಣಿಯೂ ಬಣ್ಣ ಬದಲಿಸುವುದಿಲ್ಲ. ಚುಕ್ಕೆ ಚಿರತೆಗಳಿಬ್ಬರಲ್ಲೂ ಆ ಗುಣ ಅಡಗಿದ್ದರೆ ಕಪ್ಪು ಮರಿ ಹುಟ್ಟಬಹುದು. ಮೊದಲು ಹುಟ್ಟಿನ ವ್ಯತ್ಯಾಸ, ಆಮೇಲೆ ಆ ಕಾಡಿನಲ್ಲಿ ಅದು ಬದುಕಿ ಮರಿ ಹಾಕುತ್ತದೋ ಇಲ್ಲವೋ ಅನ್ನುವ ಲೆಕ್ಕ.

ಇನ್ನೊಂದು ಪ್ರಶ್ನೆಯನ್ನು ನಾವು ಬೇಕೆಂದೇ ಎತ್ತುತ್ತಿದ್ದೇವೆ. ಮಂಗ ಎದ್ದು ನಿಂತು ನಡೆದು ನಡೆದು ಮನುಷ್ಯನಾಗುವ ಆ ಸಾಲು ಚಿತ್ರ ನಿಮಗೂ ಗೊತ್ತು. ಅದನ್ನು ಏಣಿಯಂತೆ ತಿಳಿದ ಹುಡುಗರು ಅದನ್ನೇ ಬೈಗುಳ ಮಾಡಿ ಸಿದ್ದಿ ಮಕ್ಕಳ ಮೇಲೆ ಎಸೆಯುತ್ತಾರೆ. ವಿಕಾಸದಲ್ಲಿ ಏಣಿಯೇ ಇಲ್ಲ, ಇರುವುದು ಕವಲು. ಇವತ್ತಿನ ಮಂಗ ನಮ್ಮ ಅಜ್ಜನಲ್ಲ, ದೂರದ ದಾಯಾದಿ. ಮನುಷ್ಯ ಕುಲ ಮೊದಲು ಬೆಳೆದದ್ದು ಆಫ್ರಿಕಾದಲ್ಲಿ. ಬೈದವನ ಮೂಲವೂ ಅಲ್ಲೇ, ಬೈಸಿಕೊಂಡವನ ಮೂಲವೂ ಅಲ್ಲೇ. ಪರೀಕ್ಷೆಯಲ್ಲಿ ಇದನ್ನು ಕೇಳದ ಶಾಲೆ ಆ ಬೈಗುಳವನ್ನು ತಿದ್ದುವ ಒಂದು ದಾರಿ ಕಳೆದುಕೊಳ್ಳುತ್ತದೆ.

ಕಟ್ಟೆ ಮೇಲಿನ ಮಾತು ಅಲ್ಲಿಗೇ ಮುಗಿಯಲಿಲ್ಲ. ಬಿಟಿ ಹತ್ತಿ ಬೀಜದ 450 ಗ್ರಾಂ ಪ್ಯಾಕೆಟ್ ಜೊತೆ ಮೊದಲೆಲ್ಲ 120 ಗ್ರಾಂ ಬಿಟಿ ಅಲ್ಲದ ಬೀಜ ಕೊಡುತ್ತಿದ್ದರು, ಹೊಲದ ಅಂಚಿಗೆ ಬಿತ್ತಲು. ಅದು ಯಾಕೆ ಅಂತ ತಮ್ಮನನ್ನು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು ಹೇಳಿದ: ‘ಅಂಚಿನಾಗ ಸಾದಾ ಹುಳ ಬದುಕತಾವು. ಗಟ್ಟಿ ಹುಳದ ಕೂಡ ಅವು ಕೂಡಿದ್ರ, ಮರಿ ಮತ್ತ ಬಿಟಿಗೆ ಸಾಯತಾವು. ಹೌದಲ್ರಿ?’

ಹೌದು. ಅಂಚು ಬಿತ್ತದ ಕಡೆ ಗಟ್ಟಿ ಹುಳಕ್ಕೆ ಗಟ್ಟಿ ಹುಳವೇ ಜೋಡಿ. 2002ರಲ್ಲಿ ಬಂದ ಬಿಟಿ ಹತ್ತಿಯನ್ನು ಗುಲಾಬಿ ಕಾಯಿಕೊರಕ ಅರಗಿಸಿಕೊಂಡಿದೆ ಅಂತ 2010ರಲ್ಲಿ ಕಂಪನಿಯೇ ಒಪ್ಪಿಕೊಂಡಿತು, ಗುಜರಾತಿನ ಹೊಲಗಳಲ್ಲಿ.

ತಮ್ಮ ಒಳಗೆ ತಿರುಗಿ ಅಪ್ಪನನ್ನು ಕೇಳಿದ: ‘ಅಪ್ಪಾ, ಆ ಸಣ್ಣ ಪ್ಯಾಕೆಟ್ ಏನ್ ಮಾಡ್ತಿದ್ದಿ?’

‘ಯಾವ್ದು? ಅದು ಪುಕ್ಕಟೆ ಬರ್ತಿತ್ತಲ್ಲ. ಬೇಲಿಗೆ ಒಗೀತಿದ್ದೆ.’