ಕ್ರೆಟಾನಾ ಸೆಲ್ಟೋಸಾ? ಈ ಜಗಳ ಸಾಕು ಮಾಡ್ರಪ್ಪಾ

ಭಾಗ 1/6 🚗

ನಮ್ಮ ಕ್ಲಾಸ್ ಗ್ರೂಪಲ್ಲಿ ಈಗ ಎರಡೇ ಪಕ್ಷ. ಒಂದು ಕ್ರೆಟಾ ಪಕ್ಷ, ಇನ್ನೊಂದು ಸೆಲ್ಟೋಸ್ ಪಕ್ಷ. ಯಾರ ಮನೇಲಿ ಕಾರು ತಗೊಳ್ಳೋ ಮಾತು ಶುರುವಾದ್ರೂ ಸ್ಟೋರಿಯಲ್ಲಿ ಪೋಲ್ ಬರುತ್ತೆ. ನಾವು ಎರಡು ಸೆಕೆಂಡಲ್ಲಿ ಒತ್ತಿ ಮುಂದೆ ಹೋಗ್ತೀವಿ. ಆಮೇಲೆ ಯಾರದೋ ಅಪ್ಪ ಏಳು ವರ್ಷದ ಸಾಲಕ್ಕೆ ಸಹಿ ಹಾಕ್ತಾರೆ.

ಬೇಜಾರ್ ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ಈ ಜಗಳ ಪೊಳ್ಳು. ಕಾರಿನ ವಿಷಯ ಬಂದ್ರೆ ಮನೇಲಿ ಕೇಳೋದು ನಮ್ಮನ್ನೇ. "ನಿಂಗೆ ಗೊತ್ತಾಗುತ್ತೆ, ನೋಡಿ ಹೇಳು" ಅಂತಾರೆ. ನಮ್ಮ ಮಾತಿಗೆ ಇಷ್ಟು ಬೆಲೆ ಸಿಗೋದು ಅಪರೂಪ. ಆ ಬೆಲೆಯನ್ನ ನಾವು ಸನ್‌ರೂಫಿಗೂ ಟಚ್‌ಸ್ಕ್ರೀನಿಗೂ ಖರ್ಚು ಮಾಡ್ತಿದ್ದೀವಿ. ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ ಅನ್ನೋದನ್ನ ಮಾತ್ರ ಯಾರೂ ಕೇಳ್ತಿಲ್ಲ.

ಭಾಗ 2/6

ಮೊದಲು ಒಂದು ಸಂಸಾರದ ಗುಟ್ಟು. ಕಿಯಾ ಕಂಪನಿ 1997ರಲ್ಲಿ ದಿವಾಳಿ ಎದ್ದಿತ್ತು, 1998ರಲ್ಲಿ ಅದನ್ನ ಕೊಂಡುಕೊಂಡದ್ದು ಹ್ಯುಂಡೈ. ಇವತ್ತಿಗೂ ಕಿಯಾದ ಅತಿ ದೊಡ್ಡ ಷೇರುದಾರ ಹ್ಯುಂಡೈಯೇ. ಕ್ರೆಟಾ ತಯಾರಾಗೋದು ಚೆನ್ನೈ ಹತ್ತಿರದ ಶ್ರೀಪೆರಂಬದೂರಿನಲ್ಲಿ. ಸೆಲ್ಟೋಸ್ ತಯಾರಾಗೋದು ಬಾಗೇಪಲ್ಲಿ ದಾಟಿ ಹೈದರಾಬಾದ್ ಹೆದ್ದಾರಿಯಲ್ಲಿ ಸಿಗೋ ಪೆನುಕೊಂಡದ ಹತ್ತಿರ. ಊರು ಬೇರೆ, ಮನೆ ಒಂದೇ.

2023ರಲ್ಲಿ ಹೊಸ ಮುಖ ಪಡೆದ ಸೆಲ್ಟೋಸ್, 2024ರಲ್ಲಿ ಹೊಸ ಮುಖ ಪಡೆದ ಕ್ರೆಟಾ ಎರಡನ್ನೂ ಪಕ್ಕಪಕ್ಕ ಇಡಿ. ಎರಡರಲ್ಲೂ ಅದೇ 1.5 ಲೀಟರ್ ಪೆಟ್ರೋಲ್, 115 ಪಿಎಸ್. ಅದೇ 1.5 ಡೀಸೆಲ್, 116 ಪಿಎಸ್. ಅದೇ ಟರ್ಬೊ, 160 ಪಿಎಸ್. ವೀಲ್‌ಬೇಸ್ ಎರಡಕ್ಕೂ 2,610 ಮಿ.ಮೀ. ಡಿಕ್ಕಿ ಎರಡಕ್ಕೂ 433 ಲೀಟರ್. ಆರು ಏರ್‌ಬ್ಯಾಗ್, ಇಎಸ್‌ಸಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಇವೆಲ್ಲ ಎರಡರಲ್ಲೂ ಬೇಸ್ ವೇರಿಯಂಟಿಂದಲೇ ಇವೆ.

ಅಂದ್ರೆ ಒಬ್ಬಳೇ ತಾಯಿಯ ಇಬ್ಬರು ಮಕ್ಕಳಿಗೆ ಬೇರೆ ಬೇರೆ ಅಂಗಿ ತೊಡಿಸಿ ನಿಲ್ಲಿಸಿದ್ದಾರೆ. ಅಂಗಿ ನೋಡಿ ನಾವು ಹೊಡೆದಾಡ್ತಿದ್ದೀವಿ. ಯಾವುದು ಗೆದ್ರೂ ದುಡ್ಡು ಹೋಗೋದು ಒಂದೇ ಮನೆಗೆ. ಹೊಸ ಮಾಡೆಲ್ ಬಂದಾಗ ಅಳತೆ ಬದಲಾಗಬಹುದು, ಆದ್ರೆ ನಾನು ಮುಂದೆ ಹೇಳೋದು ಬದಲಾಗಲ್ಲ.

ಭಾಗ 3/6 💸

"ತಗೊಳ್ಳೋದೇ ಆದ್ರೆ ಟಾಪ್ ಎಂಡ್ ತಗೋ ಅಪ್ಪಾ." ಈ ಒಂದು ವಾಕ್ಯದ ಬೆಲೆ ಎಷ್ಟು ಅಂತ ಯಾರಾದ್ರೂ ಲೆಕ್ಕ ಹಾಕಿದ್ದೀರಾ?

ಮಧ್ಯದ ವೇರಿಯಂಟಿಂದ ತುದಿಗೆ ಹತ್ತಿದ್ರೆ 3 ಲಕ್ಷ ಹೆಚ್ಚಾಗುತ್ತೆ ಅಂತಿಟ್ಕೊಳ್ಳಿ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ರಸ್ತೆ ತೆರಿಗೆ 17%, ಅದರ ಮೇಲೆ ಸೆಸ್ ಬೇರೆ. ಹಂಗಾಗಿ ಆ 3 ಲಕ್ಷಕ್ಕೆ ತೆರಿಗೆಯೇ 51,000 ದಾಟುತ್ತೆ. ಅದು ಕೈಯಿಂದ ಕೊಟ್ರು ಅನ್ನೋಣ. ಉಳಿದ 3 ಲಕ್ಷವನ್ನ 9% ಬಡ್ಡಿಗೆ ಏಳು ವರ್ಷದ ಸಾಲ ಮಾಡಿದ್ರೆ ತಿಂಗಳಿಗೆ ಸುಮಾರು 4,830 ರೂಪಾಯಿ. ಒಟ್ಟು 84 ಕಂತು. ಕೊನೆಗೆ ಕಟ್ಟಿದ್ದು 4 ಲಕ್ಷದ ಮೇಲೆ.

84 ತಿಂಗಳು ಅಂದ್ರೆ ಈಗ ಡಿಗ್ರಿ ಮೊದಲ ವರ್ಷದಲ್ಲಿರೋ ನೀವು ಡಿಗ್ರಿ ಮುಗಿಸಿ, ಮಾಸ್ಟರ್ಸ್ ಮುಗಿಸಿ, ಕೆಲಸಕ್ಕೆ ಸೇರಿದ ಮೇಲೂ ಅಪ್ಪ ಆ ಸನ್‌ರೂಫಿನ ಕಂತು ಕಟ್ತಾನೇ ಇರ್ತಾರೆ. ನಿಮ್ಮ ಫೀಸು, ತಂಗಿಯ ಕೋಚಿಂಗು, ಅಜ್ಜಿಯ ಮಾತ್ರೆ, ಎಲ್ಲಾ ಅದೇ ಸಂಬಳದಲ್ಲಿ. ಅಪ್ಪ "ಆಯ್ತು ಬಿಡೋ, ನೋಡೋಣ" ಅಂತಾರೆ. ಯಾವುದನ್ನ ಬಿಟ್ಟು ಅದನ್ನ ಕಟ್ಟಬೇಕು ಅನ್ನೋದನ್ನ ನಮಗೆ ಹೇಳಲ್ಲ.

ಭಾಗ 4/6 ⚠️

ಈಗ ನಿಜವಾದ ವಿಷಯಕ್ಕೆ ಬರ್ತೀನಿ.

ಗ್ಲೋಬಲ್ ಎನ್‌ಕ್ಯಾಪ್ 2020ರಲ್ಲಿ ಸೆಲ್ಟೋಸನ್ನ ಗುದ್ದಿಸಿ ನೋಡ್ತು, 2022ರಲ್ಲಿ ಕ್ರೆಟಾನ. ದೊಡ್ಡವರ ರಕ್ಷಣೆಗೆ ಎರಡಕ್ಕೂ ಸಿಕ್ಕಿದ್ದು ಮೂರೇ ಸ್ಟಾರ್. ಎರಡರ ಬಾಡಿಯೂ ಅಸ್ಥಿರ ಅಂತ ವರದಿ ಬಂತು. ಅವು ಎರಡೇ ಏರ್‌ಬ್ಯಾಗಿನ ಹಳೇ ಬೇಸ್ ಕಾರುಗಳು, ಈಗಿನವಲ್ಲ, ಒಪ್ಪಿದೆ. ಆದ್ರೆ ಸೆಕೆಂಡ್ ಹ್ಯಾಂಡಲ್ಲಿ ನಮ್ಮ ಮನೆಗಳಿಗೆ ಬರ್ತಿರೋದು ಅವೇ ಕಣ್ರೋ. ಅದೇ 2022ರಲ್ಲಿ, ಅದೇ ಸೈಜಿನ ಸ್ಕೋಡಾ ಕುಶಾಕ್ ಮತ್ತು ಫೋಕ್ಸ್‌ವ್ಯಾಗನ್ ಟೈಗೂನ್ ಐದು ಸ್ಟಾರ್ ತಗೊಂಡ್ವು. ನಮ್ಮ ಪೋಲಲ್ಲಿ ಆ ಹೆಸರುಗಳು ಬರೋದೇ ಇಲ್ಲ.

ಸ್ಟಾರ್ ಇದ್ರೂ ಸಾಲದು. 2022ರ ಸೆಪ್ಟೆಂಬರ್ 4ರಂದು ಸೈರಸ್ ಮಿಸ್ತ್ರಿ ತೀರಿಕೊಂಡಿದ್ದು ಮರ್ಸಿಡಿಸ್ ಜಿಎಲ್‌ಸಿಯಲ್ಲಿ. ಯೂರೋ ಎನ್‌ಕ್ಯಾಪಲ್ಲಿ ಐದು ಸ್ಟಾರ್ ಪಡೆದ ಮಾದರಿ ಅದು. ಹಿಂದೆ ಕೂತಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದ್ರು. ಆ ಇಬ್ಬರೂ ಹೋದ್ರು, ಮುಂದಿದ್ದ ಇಬ್ಬರು ಉಳಿದ್ರು.

ಏರ್‌ಬ್ಯಾಗ್ ಮೇಲೆ "ಎಸ್‌ಆರ್‌ಎಸ್" ಅಂತ ಬರೆದಿರುತ್ತೆ ನೋಡಿ. ಅದರಲ್ಲಿ ಮೊದಲ ಎಸ್ ಅಂದ್ರೆ ಸಪ್ಲಿಮೆಂಟಲ್. ಮುಖ್ಯ ರಕ್ಷಣೆ ಬೆಲ್ಟು, ಏರ್‌ಬ್ಯಾಗ್ ಅದಕ್ಕೆ ಬೆಂಬಲ. ನಮ್ಮ ಮನೆಗಳಲ್ಲಿ ಹಿಂದಿನ ಬೆಲ್ಟಿನ ಬಕಲ್ ಎಲ್ಲಿದೆ? ಸೀಟ್ ಕವರ್ ಕೆಳಗೆ ಹುದುಗಿದೆ.

ಸನ್‌ರೂಫ್ ಕಥೆ ಇನ್ನೂ ಕೆಟ್ಟದು. 2025ರ ಸೆಪ್ಟೆಂಬರಲ್ಲಿ ಬೆಂಗಳೂರಲ್ಲೇ ಸನ್‌ರೂಫಿಂದ ತಲೆ ಹೊರಗೆ ಹಾಕಿ ನಿಂತಿದ್ದ ಒಬ್ಬ ಪುಟ್ಟ ಹುಡುಗನ ತಲೆ, ಎತ್ತರದ ವಾಹನ ತಡೆಯೋಕೆ ಹಾಕಿದ್ದ ಕಬ್ಬಿಣದ ಅಡ್ಡಪಟ್ಟಿಗೆ ಬಡೀತು. ಆ ವಿಡಿಯೊ ನೀವೆಲ್ಲ ನೋಡಿದ್ದೀರಿ, ಶೇರ್ ಮಾಡಿದ್ದೀರಿ. ಆಮೇಲೂ ಮಕ್ಕಳನ್ನ ಹಂಗೇ ನಿಲ್ಲಿಸಿದ ರೀಲ್ಸ್‌ಗೆ ಹಾರ್ಟ್ ಒತ್ತೋರು ನಮ್ಮಲ್ಲೇ ಇದ್ದಾರೆ.

ಭಾಗ 5/6

ಕಾಮೆಂಟಲ್ಲಿ ಏನು ಬರುತ್ತೆ ಅಂತ ಗೊತ್ತು. ಅದಕ್ಕೇ ಈಗಲೇ ಉತ್ತರ.

"ಸ್ಟೈಲ್ ನೋಡೋದು ತಪ್ಪಾ ಮಗಾ?" ತಪ್ಪಲ್ಲ. ಆಸೆ ಪಡೋಕೆ ಶ್ರೀಮಂತರೇ ಆಗಿರಬೇಕಿಲ್ಲ. ಆದ್ರೆ ಸ್ಟೈಲ್ ಕೊನೇಲಿ ನೋಡೋ ವಿಷಯ. ಉಳಿದಿದ್ದೆಲ್ಲ ಸಮ ಬಂದ್ರೆ ನಿಮಗೆ ಇಷ್ಟವಾದ ಮುಖ ಆರಿಸಿಕೊಳ್ಳಿ, ನಂದೇನೂ ತಕರಾರಿಲ್ಲ.

"ಟಾಪ್ ಎಂಡಲ್ಲೇ ತಾನೇ ಅಡಾಸ್ ಸಿಗೋದು? ಅದೂ ಸೇಫ್ಟಿನೇ." ಹೌದು, ಹೆದ್ದಾರಿಯಲ್ಲಿ ತಾನಾಗೇ ಬ್ರೇಕ್ ಹಾಕೋ ಕಾರು ಒಳ್ಳೇದೇ. ಅದಕ್ಕೋಸ್ಕರವೇ ದುಡ್ಡು ಕೊಡ್ತೀವಿ ಅನ್ನೋರಿಗೆ ನನ್ನ ನಮಸ್ಕಾರ. ಆದ್ರೆ ಹಿಂದೆ ಬೆಲ್ಟ್ ಹಾಕದ ಮನೆ ಅಡಾಸ್ ಹೆಸರು ಹೇಳಿ ಸನ್‌ರೂಫ್ ಕೊಂಡುಕೊಳ್ಳೋದು ನಾಟಕ.

"ದುಡ್ಡು ಅಪ್ಪಂದು, ನಿಂಗೇನು?" ಸರಿ. ಹಂಗಾದ್ರೆ ಪೋಲ್ ಹಾಕಿದ್ದು ಯಾಕೆ? ಸಲಹೆ ಕೊಡೋವಾಗ ದೊಡ್ಡವರು, ಲೆಕ್ಕ ಕೇಳಿದಾಗ ಚಿಕ್ಕವರು ಆಗೋಕಾಗಲ್ಲ.

ಭಾಗ 6/6 ✅

ಹಂಗಾದ್ರೆ ಆರಿಸೋದು ಹೆಂಗೆ? ನಾನು ಹೇಳೋ ಕ್ರಮ ಇದು.

ಒಂದು: ಟೆಸ್ಟ್ ಡ್ರೈವ್‌ಗೆ ಅಜ್ಜಿನೂ ಬರ್ಲಿ. ಎಸ್‌ಯುವಿ ಎತ್ತರ ಮಂಡಿ ನೋವಿರೋರಿಗೆ ಅನುಕೂಲವೂ ಆಗಬಹುದು, ಕಷ್ಟವೂ ಆಗಬಹುದು. ಅವರೇ ಹತ್ತಿ ಇಳಿದು ಹೇಳ್ಲಿ. ಹಿಂದೆ ಮೂರು ಜನ ಕೂತು, ಮೂವರೂ ಬೆಲ್ಟ್ ಹಾಕಿ ನೋಡಿ.

ಎರಡು: ನಿಮ್ಮ ಊರಿಗೆ ಯಾವ ಕಂಪನಿಯ ಸರ್ವಿಸ್ ಸೆಂಟರ್ ಹತ್ತಿರ? ಹ್ಯುಂಡೈ ಜಾಲ ದೊಡ್ಡದು. ತಾಲ್ಲೂಕಿನವರಿಗೆ ಇದು ಸ್ಕ್ರೀನ್ ಸೈಜಿಗಿಂತ ಮುಖ್ಯ.

ಮೂರು: ದಿನಾ ಹತ್ತು ಕಿಲೋಮೀಟರ್ ಸಿಟಿ ಓಡಾಟ ಮಾತ್ರ ಇದ್ರೆ ಡೀಸೆಲ್ ಬೇಡ. ಅದರ ಹೊಗೆ ಫಿಲ್ಟರ್ ಸ್ವಚ್ಛ ಆಗೋಕೆ ಆಗಾಗ ಹೆದ್ದಾರಿ ಓಟ ಬೇಕು. ವಾರವಾರ ಘಾಟಿ ಹತ್ತಿ ಊರಿಗೆ ಹೋಗೋರು ಡೀಸೆಲ್ ಯೋಚನೆ ಮಾಡಿ.

ನಾಲ್ಕು: ಕಂತು ಐದು ವರ್ಷಕ್ಕೆ ಹಾಕಿ ನೋಡಿ. ಐದಕ್ಕೆ ಕಟ್ಟೋಕಾಗದ ವೇರಿಯಂಟ್ ನಮ್ಮದಲ್ಲ, ಒಂದು ಮೆಟ್ಟಿಲು ಕೆಳಗಿಳಿಯೋಣ.

ಐದು: ಇಷ್ಟಾದ ಮೇಲೂ ಕ್ರೆಟಾ, ಸೆಲ್ಟೋಸ್ ಸಮ ಬಂದ್ರೆ ನಾಣ್ಯ ಚಿಮ್ಮಿ. ನಿಜವಾಗ್ಲೂ.

ಆಮೇಲೆ ಒಂದು ಕೆಲಸ ಮಾತ್ರ ಇವತ್ತೇ ಮಾಡಿ, ಹೊಸ ಕಾರು ಬರೋವರೆಗೂ ಕಾಯಬೇಡಿ. ಈಗ ಮನೇಲಿರೋ ಕಾರು ಹಳೇ ಆಲ್ಟೊ ಆದ್ರೂ ಸರಿ, ಅದರ ಹಿಂದಿನ ಸೀಟ್ ಕವರ್ ಎತ್ತಿ ಬಕಲ್ ಹೊರಗೆ ತೆಗೀರಿ. ಹಿಂದೆ ಬೆಲ್ಟ್ ಹಾಕದಿದ್ರೆ 1,000 ರೂಪಾಯಿ ದಂಡ ಅನ್ನೋ ನಿಯಮ ಇದೆ, ಆದ್ರೆ ದಂಡಕ್ಕೆ ಹೆದರಿ ಮಾಡಬೇಡಿ. ಅಮ್ಮ ಅಲ್ಲಿ ಕೂರ್ತಾರೆ, ಅದಕ್ಕೆ ಮಾಡಿ.

ಬಕಲ್ ಫೋಟೊ ತೆಗೆದು ಸ್ಟೋರಿಗೆ ಹಾಕಿ, ನನ್ನ ಟ್ಯಾಗ್ ಮಾಡಿ. ಕಾರಿನ ಲೋಗೊ ಕಾಣಿಸೋದು ಬೇಡ.

#ಕ್ರೆಟಾ #ಸೆಲ್ಟೋಸ್ #ಹಿಂದಿನಸೀಟಿಗೂಬೆಲ್ಟ್ #ಅಪ್ಪನಕಂತು